27 ಸ್ಟಾಪು, 90 ಡಾಲರ್: ಡೇನಿಯಲ್ ಬೀಟಿ ಆರ್ಗನ್ ಪ್ರಕರಣ

1880ರ ಆಸುಪಾಸಿನ ಯಾವ್ದಾದ್ರೂ ಅಮೆರಿಕದ ಹಳ್ಳಿ ಕಡೆ ಪೇಪರ್ ತೆಗೆದು ಹಿಂದಿನ ಪುಟ ನೋಡಿದ್ರೆ, ಕೆಮ್ಮಿನ ಔಷಧಿ, ಬಿತ್ತನೆ ಬೀಜ, ನೇಗಿಲು ಇವುಗಳ ನಡುವೆ ಎರಡೇ ಎರಡು ಸಾಲಿನ ಒಂದು ಜಾಹೀರಾತು ಸಿಗೋ ಸಾಧ್ಯತೆ ತುಂಬಾ ಜಾಸ್ತಿ. ಬೀಟಿ ಆರ್ಗನ್, 27 ಸ್ಟಾಪು, 90 ಡಾಲರ್. ಪಿಯಾನೋ 297 ಡಾಲರ್ 50 ಸೆಂಟ್. ಫ್ಯಾಕ್ಟರಿ ಹಗಲೂ ರಾತ್ರಿ ನಡೀತಿದೆ. ವಿಳಾಸ: ಡೇನಿಯಲ್ ಎಫ್. ಬೀಟಿ, ವಾಷಿಂಗ್ಟನ್, ನ್ಯೂಜೆರ್ಸಿ. ಇಷ್ಟೇ. ಸ್ಟಾಪು ಅಂದ್ರೆ ಸ್ವರದ ಬಣ್ಣ ಬದಲಿಸೋಕೆ ಅಂತ ವಾದ್ಯದ ಮುಂದೆ ಇರೋ, ಎಳೆಯೋ ಗುಂಡಿ. ಈ ವಾಷಿಂಗ್ಟನ್ ಅಂದ್ರೆ ರಾಜಧಾನಿ ಅಲ್ಲ, ನ್ಯೂಜೆರ್ಸಿಯ ವಾರನ್ ಕೌಂಟಿಯಲ್ಲಿರೋ ಒಂದು ಸಣ್ಣ ಊರು, ಆಗ ಮಾರಿಸ್ ಕಾಲುವೆ ಒಂದು ಕಡೆ, ರೈಲು ಇನ್ನೊಂದು ಕಡೆ ಇತ್ತು. ಆ ಊರಿಂದ ಒಬ್ಬ ಮನುಷ್ಯ ದೇಶಕ್ಕೆಲ್ಲಾ ಟಪಾಲಲ್ಲಿ ಆರ್ಗನ್ ಮಾರಿದ, ಊರಿಗೆ ಮೇಯರ್ ಆದ, ಆಮೇಲೆ ದುಡ್ಡು ಕಳಿಸಿದವರಿಗೆ ಆರ್ಗನ್ ಕೊಡೋಕಾಗದೆ ಮುಳುಗಿಹೋದ.

ಹಾರ್ಮೋನಿಯಂ ಬಗ್ಗೆ ಓದ್ತಾ ಓದ್ತಾ ನಾನು ಈ ಪ್ರಕರಣದೊಳಗೆ ಬಂದೆ, ಬಂದಮೇಲೆ ಬಿಡೋಕಾಗಲಿಲ್ಲ. ಬೀಟಿನ ಬರೀ ಮೋಸಗಾರ ಅಂತ ಬರೆದು ಮುಗಿಸೋದು ಸುಲಭ, ತುಂಬಾ ಜನ ಹಾಗೇ ಬರೆದಿದ್ದಾರೆ. ನನಗೆ ಹಾಗನ್ಸಲ್ಲ. ಅವನ ಜಾಹೀರಾತಿನ ಒಂದೊಂದು ಸಾಲೂ ಆ ಕಾಲದ ರೈತನ ಮನಸ್ಸಲ್ಲಿದ್ದ ಒಂದೊಂದು ನಿಜವಾದ ಅನುಮಾನಕ್ಕೆ ಉತ್ತರ ಕೊಡ್ತಿತ್ತು, ಅದಕ್ಕೇ ಅದು ಓಡ್ತು. ಎಡವಟ್ಟಾಗಿದ್ದು ಎರಡು ಕಡೆ, ಒಂದು ಸ್ಟಾಪುಗಳ ಲೆಕ್ಕದಲ್ಲಿ, ಇನ್ನೊಂದು ದುಡ್ಡು ಬರೋದಕ್ಕೂ ಆರ್ಗನ್ ಹೋಗೋದಕ್ಕೂ ನಡುವೆ ಇದ್ದ ಆ ಕೆಲವು ವಾರಗಳಲ್ಲಿ.

ಮೊದಲು ವಾದ್ಯ ಏನು ಅಂತ ಹೇಳ್ಬಿಡ್ತೀನಿ. ಇದು ಚರ್ಚಿನ ದೊಡ್ಡ ಪೈಪ್ ಆರ್ಗನ್ ಅಲ್ಲ, ರೀಡ್ ಆರ್ಗನ್, ಮನೆ ಹಜಾರದಲ್ಲಿ ಗೋಡೆಗೆ ಒತ್ತಿ ಇಡೋ ಮರದ ಪೆಟ್ಟಿಗೆ. ನಮ್ಮ ಹಾರ್ಮೋನಿಯಂಗೆ ದಾಯಾದಿ ಅನ್ಕೊಳ್ಳಿ. ಎರಡರಲ್ಲೂ ಸ್ವರ ಬರೋದು ಹಿತ್ತಾಳೆ ನಾಲಿಗೆಯಿಂದಾನೇ. ಉದ್ದಕ್ಕೆ ಸೀಳಿರೋ ಒಂದು ಹಿತ್ತಾಳೆ ಪಟ್ಟಿ, ಅದರ ಮೇಲೆ ಒಂದು ತುದಿ ರಿವೆಟ್ ಹೊಡೆದು ಕೂರಿಸಿದ ತೆಳು ನಾಲಿಗೆ, ಗಾಳಿ ಹಾದಾಗ ಅದು ಅದುರತ್ತೆ, ಇದಕ್ಕೇ ರೀಡು ಅನ್ನೋದು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1840ರಲ್ಲಿ ಹಾರ್ಮೋನಿಯಂ ಅನ್ನೋ ಹೆಸರಲ್ಲಿ ಪೇಟೆಂಟ್ ತಗೊಂಡಿದ್ದು ಕಾಲಲ್ಲಿ ತುಳಿಯೋ ವಾದ್ಯಕ್ಕೆ, ಅದೇ ಮುಂದೆ ಕಲ್ಕತ್ತೆಗೆ ಬಂದು, ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ಕಂಪನಿ ನಾಟಕದವರ ಜೊತೆ ನಮ್ಮೂರುಗಳಿಗೂ ಬಂತು, ಉತ್ತರ ಕರ್ನಾಟಕದಲ್ಲಿ ಪೇಟಿ ಆಯ್ತು. ಅಮೆರಿಕದವರು ಮಾಡಿದ ಒಂದು ಮುಖ್ಯ ಬದಲಾವಣೆ ಅಂದ್ರೆ ಗಾಳಿನ ಉಲ್ಟಾ ಮಾಡಿದ್ದು, ಹಾರ್ಮೋನಿಯಂ ತಿದಿ ಗಾಳಿನ ರೀಡಿನ ಮೇಲೆ ತಳ್ಳತ್ತೆ, ಅಮೆರಿಕನ್ ಆರ್ಗನ್ ತಿದಿ ರೀಡಿನ ಮೂಲಕ ಗಾಳಿನ ಒಳಗೆ ಎಳ್ಕೊಳ್ಳತ್ತೆ. ಸ್ವರ ಮೆತ್ತಗಾಗತ್ತೆ, ತುಳಿಯೋನ ಕಾಲು ಸ್ವಲ್ಪ ತಪ್ಪಿದ್ರೂ ಕಿವಿಗೆ ಅಷ್ಟು ಹೊಡೆಯಲ್ಲ. ಬಾಸ್ಟನ್ನಿನ ಮೇಸನ್ ಅಂಡ್ ಹ್ಯಾಮ್ಲಿನ್ ಕಂಪನಿಯ ಎಮನ್ಸ್ ಹ್ಯಾಮ್ಲಿನ್ ರೀಡಿನ ನಾಲಿಗೆನ ಒಂಚೂರು ತಿರುಚಿ ಬಗ್ಗಿಸಿದ್ರೆ ಸ್ವರದ ಬಣ್ಣಾನೇ ಬದಲಾಗತ್ತೆ ಅಂತ ಕಂಡ್ಕೊಂಡ ಮೇಲಂತೂ ಈ ವಾದ್ಯ ಕೇಳೋಕೆ ಹಿತ ಆಯ್ತು, ಮನೆಮನೆಗೆ ಬೇಕಾಯ್ತು.

ಎಷ್ಟು ಬೇಕಾಯ್ತು ಅನ್ನೋದಕ್ಕೆ ವರ್ಮಾಂಟಿನ ಬ್ರಾಟಲ್‌ಬರೋ ಊರಿನ ಎಸ್ಟಿ ಕಂಪನಿ ನೋಡ್ಬೇಕು. ಬೆಂಕಿ ಬಿದ್ದು, ಪ್ರವಾಹ ಬಂದು, ಆಮೇಲೆ ಎತ್ತರದ ಜಾಗದಲ್ಲಿ ಸಾಲಾಗಿ ಕಟ್ಟಡ ಕಟ್ಟಿ ಗೋಡೆಗಳಿಗೂ ಬೆಂಕಿ ತಾಗಬಾರ್ದು ಅಂತ ಸ್ಲೇಟ್ ಕಲ್ಲು ಹೊದಿಸಿದ್ರು. ಅವರ ಆರ್ಗನ್ನುಗಳ ನಂಬರ್ 1880ರ ಹೊತ್ತಿಗೆ ಒಂದು ಲಕ್ಷ ಮುಟ್ಟಿತ್ತು. ಪಿಯಾನೋಗೆ ಕೊಡೋಕೆ ದುಡ್ಡಿಲ್ಲದವರು, ಆದರೆ ಮನೇಲಿ ಮಗಳು ಭಾನುವಾರ ಚರ್ಚಿನ ಹಾಡು ನುಡಿಸ್ಬೇಕು ಅಂತ ಆಸೆ ಇದ್ದವರು, ಅವರೆಲ್ಲಾ ಈ ಪೆಟ್ಟಿಗೆಯ ಗಿರಾಕಿಗಳು.

ಆದರೆ ಇದು ಕೈಗೆ ಸಿಗೋ ದಾರಿ ಚೆನ್ನಾಗಿರ್ಲಿಲ್ಲ. ಫ್ಯಾಕ್ಟರಿಯಿಂದ ಡೀಲರ್, ಡೀಲರಿಂದ ಊರೂರು ಸುತ್ತೋ ಏಜೆಂಟ್, ಅವನು ಗಾಡಿ ಮೇಲೆ ಆರ್ಗನ್ ಹೇರ್ಕೊಂಡು ತೋಟದ ಮನೆಗೆ ಬಂದು ಎರಡು ದಿನ ಬಿಟ್ಟು ಹೋಗ್ತಿದ್ದ, ಮನೆ ಮಕ್ಕಳು ನುಡಿಸೋಕೆ ಶುರು ಮಾಡಿದ ಮೇಲೆ ವಾಪಸ್ ಕಳ್ಸೋದು ಯಾವ ತಂದೆಗೂ ಕಷ್ಟಾನೇ. ಕ್ಯಾಟಲಾಗ್ ಬೆಲೆ ಅಂತ ದೊಡ್ಡ ನಂಬರ್ ಒಂದನ್ನ ಪ್ರಿಂಟ್ ಮಾಡಿರ್ತಿದ್ರು, ಅದರಿಂದ ಏಜೆಂಟ್ ತನಗೆ ತೋಚಿದಷ್ಟು ಇಳಿಸಿ ಕೊಡ್ತಿದ್ದ. ಫ್ಯಾಕ್ಟರಿ ಬಾಗಿಲಲ್ಲಿ ಇದ್ದ ಬೆಲೆ ಮನೆ ಬಾಗಿಲಿಗೆ ಬರೋವಾಗ ಎರಡರಷ್ಟಾಗೋದು ಮಾಮೂಲಿ. ರೈತರಿಗೆ ಇದು ಗೊತ್ತಿತ್ತು, ಸಿಟ್ಟೂ ಇತ್ತು. 1873ರ ಹಣಕಾಸು ಕುಸಿತ ಆದಮೇಲೆ ಗ್ರೇಂಜ್ ಅನ್ನೋ ರೈತ ಸಂಘಟನೆ ಹಬ್ಬಿದ್ದೇ ಈ ದಲ್ಲಾಳಿಗಳ ಮೇಲಿನ ಸಿಟ್ಟಿಂದ. ಶಿಕಾಗೋದಲ್ಲಿ ಮಾಂಟ್‌ಗೊಮರಿ ವಾರ್ಡ್ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿ ಇಟ್ಕೊಂಡು ಟಪಾಲಿನ ವ್ಯಾಪಾರ ಶುರು ಮಾಡಿದ್ದೂ ಇದೇ ಜನರನ್ನ ನಂಬಿ.

ಡೇನಿಯಲ್ ಬೀಟಿ ಹುಟ್ಟಿದ್ದು 1848ರಲ್ಲಿ, ಅದೇ ವಾರನ್ ಕೌಂಟಿ ಸುತ್ತಿನ ರೈತ ಕುಟುಂಬ. ಹುಡುಗನಾಗಿದ್ದಾಗ ಹೊಲದ ಕೆಲಸ, ಆಮೇಲೆ ಬೇರೆಯವರ ಆರ್ಗನ್ ಮಾರೋ ಏಜೆಂಟ್ ಕೆಲಸ. ಹಾಗಾಗಿ ಆ ತೋಟದ ಮನೆ ಬಾಗಿಲಲ್ಲಿ ಏನು ಮಾತು ನಡೆಯತ್ತೆ, ಯಜಮಾನ ಎಲ್ಲಿ ಅನುಮಾನ ಪಡ್ತಾನೆ, ಯಾವ ಮಾತಿಗೆ ಸೋಲ್ತಾನೆ ಅನ್ನೋದು ಅವನಿಗೆ ಕಾಲು ಸವೆಸಿ ಗೊತ್ತಾಗಿತ್ತು. 1870ರ ಹೊತ್ತಿಗೆ ವಾಷಿಂಗ್ಟನ್ ಊರಲ್ಲಿ ಪಾಲುದಾರರ ಜೊತೆ ಸೇರಿ ವ್ಯಾಪಾರ, ಆಮೇಲೆ ಒಬ್ಬನೇ. ಶುರುವಿನ ವರ್ಷಗಳಲ್ಲಿ ಅವನು ಆರ್ಗನ್ ಮಾಡ್ತಾನೇ ಇರ್ಲಿಲ್ಲ, ಬೇರೆ ಫ್ಯಾಕ್ಟರಿಗಳಿಂದ ತಗೊಂಡು ಮುಂದಿನ ಹಲಗೆ ಮೇಲೆ ತನ್ನ ಹೆಸರು ಹಾಕಿ ಮಾರ್ತಿದ್ದ. ಇದಕ್ಕೆ ಆ ವ್ಯಾಪಾರದಲ್ಲಿ ಸ್ಟೆನ್ಸಿಲ್ ಅಂತಾನೇ ಹೆಸರು, ಅಕ್ಷರ ಕೊರೆದ ತಗಡು ಇಟ್ಟು ಬಣ್ಣ ಬಳಿದ್ರೆ ಯಾರ ಹೆಸರು ಬೇಕಾದ್ರೂ ಬರತ್ತೆ. ನ್ಯೂಯಾರ್ಕಿನಲ್ಲಿ ಜೋಸೆಫ್ ಹೇಲ್ ಅನ್ನೋನು ಇದೇ ರೀತಿ ಸಾವಿರಾರು ಅಗ್ಗದ ಪಿಯಾನೋಗಳನ್ನ ಕೇಳಿದವರ ಹೆಸರು ಹಾಕಿ ಕೊಡ್ತಿದ್ದ, ವಾದ್ಯ ವ್ಯಾಪಾರದ ಪತ್ರಿಕೆಗಳು ವರ್ಷಗಟ್ಲೆ ಇದರ ವಿರುದ್ಧ ಬರೆದವು.

ಈಗ ಜಾಹೀರಾತಿಗೆ ಬರ್ತೀನಿ, ಯಾಕಂದ್ರೆ ಬೀಟಿಯ ಅಸಲಿ ಕಸುಬು ಅದೇ. ಮೇಲೆ ಹೇಳಿದ ಎರಡು ಸಾಲಿನದ್ದು ಬರೀ ಗಾಳ. ದೊಡ್ಡ ಜಾಹೀರಾತುಗಳು ಧಾರ್ಮಿಕ ವಾರಪತ್ರಿಕೆಗಳಲ್ಲಿ, ಕೃಷಿ ಪತ್ರಿಕೆಗಳಲ್ಲಿ, ಸಚಿತ್ರ ಪತ್ರಿಕೆಗಳಲ್ಲಿ ಬರ್ತಿದ್ದವು, ಕೆಲವು ಸಲ ಇಡೀ ಪುಟ. ಧಾರ್ಮಿಕ ವಾರಪತ್ರಿಕೆ ಯಾಕೆ ಅಂದ್ರೆ, ಅದನ್ನ ಮನೇಲಿ ಎಲ್ಲರೂ ಓದ್ತಾರೆ, ವಾರಗಟ್ಲೆ ಮೇಜಿನ ಮೇಲೆ ಬಿದ್ದಿರತ್ತೆ, ಮತ್ತೆ ದೇವರ ವಿಷಯ ಬರೋ ಪೇಪರಿನಲ್ಲಿ ಬಂದ ಮಾತಿಗೆ ಸ್ವಲ್ಪ ನಂಬಿಕೆ ಅಂಟ್ಕೊಂಡೇ ಬರತ್ತೆ. ಅದೇ ಕಾಲಕ್ಕೆ ಫಿಲಡೆಲ್ಫಿಯಾದಲ್ಲಿ 1869ರಲ್ಲಿ ಶುರುವಾದ ಏಯರ್ ಜಾಹೀರಾತು ಏಜೆನ್ಸಿ ಮೊದಲು ಕಾಲೂರಿದ್ದೂ ಧಾರ್ಮಿಕ ವಾರಪತ್ರಿಕೆಗಳ ಜಾಗ ಮಾರ್ಕೊಂಡೇ. 1879ರ ಅಂಚೆ ಕಾನೂನು ಪತ್ರಿಕೆಗಳನ್ನ ಕಡಿಮೆ ದರದ ವರ್ಗಕ್ಕೆ ಹಾಕಿದ ಮೇಲಂತೂ ಬರೀ ಜಾಹೀರಾತಿಗೋಸ್ಕರಾನೇ ಹುಟ್ಟಿದ ಪತ್ರಿಕೆಗಳು ಹಳ್ಳಿಗಳಿಗೆ ಲಕ್ಷಗಟ್ಲೆ ಹೋಗ್ತಿದ್ದವು.

ಬೀಟಿಯ ದೊಡ್ಡ ಜಾಹೀರಾತಿನ ಮಾತುಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ ಎದುರಿಗೆ ಒಬ್ಬ ರೈತ ನಿಂತು ಪ್ರಶ್ನೆ ಕೇಳ್ತಿದ್ದಾನೆ ಅನ್ಸತ್ತೆ. ಯಾಕಪ್ಪಾ ಇಷ್ಟು ಅಗ್ಗ? ನಡುವೆ ಏಜೆಂಟ್ ಇಲ್ಲ, ಫ್ಯಾಕ್ಟರಿಯಿಂದ ನೇರ ನಿಮಗೆ. ನೋಡದೇ ಹೆಂಗೆ ತಗೊಳ್ಳೋದು? ಬನ್ನಿ, ಊರಿಗೇ ಬನ್ನಿ, ರೈಲು ಬರೋ ಹೊತ್ತಿಗೆ ಸ್ಟೇಷನ್ನಿಗೆ ನಮ್ಮ ಕುದುರೆ ಗಾಡಿ ಬಂದಿರತ್ತೆ, ತಗೊಂಡ್ರೂ ಸರಿ ತಗೊಳ್ದಿದ್ರೂ ಸರಿ ದಾರಿ ಖರ್ಚಿಗೆ 5 ಡಾಲರ್ ಕೊಡ್ತೀವಿ. ಚೆನ್ನಾಗಿಲ್ದಿದ್ರೆ? ಒಂದು ವರ್ಷ ನುಡಿಸಿ, ಬೇಡ ಅನ್ಸಿದ್ರೆ ವಾಪಸ್ ಕಳ್ಸಿ, ದುಡ್ಡು ಬಡ್ಡಿ ಸಮೇತ ಕೊಡ್ತೀವಿ. ನೀನ್ಯಾರು? ಪಕ್ಕದಲ್ಲೇ ಅವನ ಚಿತ್ರ, ಮಾನ್ಯ ಡೇನಿಯಲ್ ಎಫ್. ಬೀಟಿ, ಊರಿನ ಮೇಯರ್, ಒಂದು ಕಾಲದಲ್ಲಿ ನೇಗಿಲು ಹಿಡಿದ ಹುಡುಗ. ಈ ಕೊನೇದು ತುಂಬಾ ದೊಡ್ಡ ಮಾತು, ಯಾಕಂದ್ರೆ ಮೇಯರ್ ಅನ್ನೋದು ಸುಳ್ಳಲ್ಲ, ಜನ ನಿಜವಾಗ್ಲೂ ಆರಿಸಿದ್ರು, ಹೊಲದ ಹುಡುಗ ಅನ್ನೋದೂ ಸುಳ್ಳಲ್ಲ. ವಾದ್ಯದ ಗುಣಕ್ಕೆ ಸಾಕ್ಷಿಯಾಗಿ ಮಾರೋನ ಜೀವನಚರಿತ್ರೆನ ಇಟ್ಟಿದ್ದು ಬೀಟಿಯ ಹೆಚ್ಚುಗಾರಿಕೆ.

ಆಮೇಲೆ ಅವಸರ. ಈ ಜಾಹೀರಾತು ಕತ್ತರಿಸಿ ಇಂಥ ತಾರೀಕಿನೊಳಗೆ ದುಡ್ಡಿನ ಜೊತೆ ಕಳ್ಸಿದ್ರೆ ಇಷ್ಟು ಕಡಿಮೆ, ತಡ ಮಾಡಿದ್ರೆ ಮಾಮೂಲಿ ಬೆಲೆ. ಸುಮ್ನೆ ಕಾಗದ ಬರೆದು ಚೌಕಾಸಿ ಮಾಡೋದ್ರಿಂದ ಏನೂ ಉಳಿಯಲ್ಲ, ಈಗಲೇ ಆರ್ಡರ್ ಮಾಡಿ ಅಂತಾನೂ ಇರ್ತಿತ್ತು. ದುಡ್ಡು ಬ್ಯಾಂಕ್ ಡ್ರಾಫ್ಟಲ್ಲೋ, ಅಂಚೆ ಮನಿಯಾರ್ಡರಲ್ಲೋ, ರಿಜಿಸ್ಟರ್ಡ್ ಕವರಲ್ಲೋ, ಮುಂಗಡ, ಪೂರ್ತಿ. ಆ ಕಾಲದಲ್ಲಿ ಕೂಲಿ ಕೆಲಸದವನ ದಿನದ ಸಂಬಳ ಒಂದೂಕಾಲು ಒಂದೂವರೆ ಡಾಲರ್ ಹತ್ರ ಇತ್ತು, ಅಂದ್ರೆ 90 ಡಾಲರ್ ಅಂದ್ರೆ ಎರಡು ತಿಂಗಳಿಗೂ ಮೀರಿದ ದುಡಿಮೆ, ಅದನ್ನ ಒಂದು ಕವರಿಗೆ ಹಾಕಿ ನೋಡದ ಊರಿಗೆ ಕಳಿಸೋದು.

ಆ 27 ಸ್ಟಾಪುಗಳ ವಿಷಯ ನಾನು ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ನನಗೂ ಇದರ ಅನುಭವ ಇದೆ. ಕೆಲವು ವರ್ಷದ ಹಿಂದೆ ಒಂಬತ್ತು ಸ್ಟಾಪರ್ ಇರೋ ಹಾರ್ಮೋನಿಯಂ ಅಂತ ಹೇಳಿ ಒಬ್ಬರು ನನಗೆ ಮಾರಿದ್ರು, ಹೊಸದಾಗಿ ಕಲೀತಿದ್ದೆ, ಮುಂದಿನ ಹಲಗೆ ಮೇಲೆ ಬೆಳ್ಳಗೆ ಹೊಳೆಯೋ ಗುಂಡಿಗಳ ಸಾಲು ನೋಡಿ ಒಂಥರಾ ಖುಷಿ. ತಿಂಗಳಾದ ಮೇಲೆ ಒಂದು ರೀಡು ಕಿರುಗುಟ್ಟೋಕೆ ಶುರುವಾಯ್ತು ಅಂತ ರಿಪೇರಿ ಮಾಡೋರ ಹತ್ರ ತಗೊಂಡೋದೆ, ಅವರು ಮೇಲಿನ ಹಲಗೆ ಬಿಚ್ಚಿ ತಿರುಗಿಸಿ ತೋರಿಸಿದ್ರು. ನಾಲ್ಕು ಗುಂಡಿಗಳ ಹಿಂದೆ ಏನೂ ಇಲ್ಲ. ಕಡ್ಡಿ ಮರದೊಳಗೆ ಬಂದು ಅಲ್ಲೇ ನಿಂತಿತ್ತು, ಗಾಳಿ ದಾರಿಗೂ ಅದಕ್ಕೂ ಸಂಬಂಧಾನೇ ಇಲ್ಲ, ಬರೀ ಅಂದಕ್ಕೆ, ಎರಡು ಕಡೆ ಸಮ ಕಾಣ್ಲಿ ಅಂತ. ನನ್ನ ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ, ಅಷ್ಟು ದಿನ ಆ ನಾಲ್ಕು ಗುಂಡಿ ಎಳೆದು ತಳ್ಳಿ, ಸ್ವರದಲ್ಲಿ ಏನೋ ಬದಲಾಗ್ತಿದೆ ಅಂತ ನನ್ನ ಕಿವಿಗೆ ನಾನೇ ಹೇಳ್ಕೊಂಡಿದ್ನಲ್ಲಾ ಅದಕ್ಕೆ.

ಅಮೆರಿಕನ್ ರೀಡ್ ಆರ್ಗನ್ ಒಳಗಿನ ಲೆಕ್ಕ ಹೀಗಿರತ್ತೆ. ಐದು ಸಪ್ತಕ, 61 ಕೀ. ಒಂದು ಪೂರ್ತಿ ಸೆಟ್ ರೀಡು ಅಂದ್ರೆ ಕೀಗೊಂದರಂತೆ 61 ರೀಡು. ಎರಡು ಸೆಟ್ ಇದ್ರೆ 122, ಅಷ್ಟೇ ನಿಜವಾದ ಸ್ವರದ ಬಂಡವಾಳ. ಈಗ ಪ್ರತಿ ಸೆಟ್ಟನ್ನೂ ಎಡಗೈ ಕಡೆ ಅರ್ಧ, ಬಲಗೈ ಕಡೆ ಅರ್ಧ ಅಂತ ಮಾಡಿ ಒಂದೊಂದಕ್ಕೂ ಬೇರೆ ಗುಂಡಿ, ಬೇರೆ ಹೆಸರು ಕೊಟ್ಟರೆ ನಾಲ್ಕು ಸ್ಟಾಪು ಆಯ್ತು. ಇದರಲ್ಲಿ ತಪ್ಪೇನಿಲ್ಲ, ನುಡಿಸೋರಿಗೆ ಉಪಯೋಗಾನೇ. ಆಮೇಲೆ ಅದೇ ರೀಡುಗಳ ಮುಚ್ಚಳನ ಪೂರ್ತಿ ತೆಗೆಯೋ ಬದಲು ಅರ್ಧ ತೆಗೆಯೋ ಗುಂಡಿ ಮಾಡಿ ಅದಕ್ಕೆ ಇನ್ನೊಂದು ಇಟಾಲಿಯನ್ನೋ ಲ್ಯಾಟಿನ್ನೋ ಹೆಸರಿಟ್ಟರೆ ಇನ್ನು ನಾಲ್ಕು. ಡಯಪೇಸನ್ ಅನ್ನೋ ಗುಂಡಿ ಎಳೆದ್ರೆ ಬರೋ ಸ್ವರಾನೇ ಡಲ್ಸಿಯಾನ ಅನ್ನೋ ಗುಂಡಿ ಎಳೆದ್ರೆ ಸ್ವಲ್ಪ ಮೆತ್ತಗೆ ಬರತ್ತೆ. ರೀಡಿನ ಮೇಲಿನ ಹಲಗೆ ತೆರೆದು ಜೋರು ಮಾಡೋ ಫೋರ್ಟೆ ಎರಡು. ವಾಕ್ಸ್ ಹ್ಯೂಮಾನ, ಮನುಷ್ಯ ಕಂಠ ಅಂತ ಅರ್ಥ, ಆದರೆ ಒಳಗಿರೋದು ಗಾಳಿಗೆ ತಿರುಗೋ ಒಂದು ಕಾಗದದ ರೆಕ್ಕೆ, ಸ್ವರ ನಡುಗೋ ಹಾಗೆ ಮಾಡತ್ತೆ, ಅದಕ್ಕೆ ಸ್ವಂತ ರೀಡು ಒಂದೂ ಇಲ್ಲ. ಕಪ್ಲರ್ ಅಂದ್ರೆ ಒಂದು ಕೀ ಒತ್ತಿದ್ರೆ ಇನ್ನೊಂದು ಸಪ್ತಕದ ಕೀನೂ ಎಳ್ಕೊಳ್ಳೋ ಕಡ್ಡಿಗಳು. ಕೊನೇಗೆ ಮೊಣಕಾಲಿಂದ ಪಕ್ಕಕ್ಕೆ ತಳ್ಳೋ ಎರಡು ಹಲಗೆ. ಹೀಗೆ 122 ರೀಡಿಗೆ ಹದಿನಾಲ್ಕು ಸ್ಟಾಪು ಮಾಡಬಹುದು, ಒಂದೂ ಶುದ್ಧ ಸುಳ್ಳಲ್ಲ. ಬೀಟಿಯ ಬೀಟೋವನ್ ಅನ್ನೋ ಮಾದರಿಯ ಪಟ್ಟಿಯಲ್ಲಿ ಚೆಲ್ಲೊ, ಮೆಲೋಡಿಯ, ಸಬ್ ಬಾಸ್, ಫ್ರೆಂಚ್ ಹಾರ್ನ್, ಪಿಕೊಲೊ ಅಂತ ಒಂದು ವಾದ್ಯಮೇಳಕ್ಕಾಗೋವಷ್ಟು ಹೆಸರುಗಳು ಬರ್ತವೆ, ಆ ಮೊಣಕಾಲಿನ ಹಲಗೆಗಳನ್ನೂ ಸ್ಟಾಪು ಅಂತಾನೇ ಎಣಿಸಿದ್ದಾರೆ. ರೀಡಿಗೂ ಒಂದು ಹೆಸರು, ಚಿನ್ನದ ನಾಲಿಗೆ, ಇರೋದು ಎಲ್ಲರದ್ದೂ ಹಿತ್ತಾಳೆನೇ.

ಅರ್ಧ ಸೆಟ್ಟನ್ನ ಒಂದು ಸೆಟ್ ಅಂತ ಹೇಳೋದೂ ಆ ವ್ಯಾಪಾರದಲ್ಲಿ ನಡೀತಿತ್ತು, ಬರೀ ಹದಿಮೂರು ರೀಡಿರೋ ಸಬ್ ಬಾಸ್ ಕೂಡ ಪಟ್ಟಿಯಲ್ಲಿ ಒಂದು ಸೆಟ್. ಇದು ಬೀಟಿ ಒಬ್ಬನ ಕೆಲಸ ಅಲ್ಲ ಅನ್ನೋದನ್ನ ಒತ್ತಿ ಹೇಳ್ಬೇಕು, ಅಗ್ಗದ ಆರ್ಗನ್ ಮಾಡೋರು ಎಷ್ಟೋ ಜನ ಇದನ್ನೇ ಮಾಡ್ತಿದ್ರು, ಆದರೆ ಅವನು ಆ ನಂಬರನ್ನ ಹೆಡ್ಡಿಂಗಿಗೆ ತಂದ. ಒಂದ್ಸಲ ನಂಬರ್ ಹೆಡ್ಡಿಂಗಿಗೆ ಬಂತು ಅಂದ್ರೆ ಪಕ್ಕದವನು ಹತ್ತು ಸ್ಟಾಪಿನ ಒಳ್ಳೆ ಆರ್ಗನ್ ಮಾರೋದು ಕಷ್ಟ ಆಗತ್ತೆ. ಕಾಗದದ ಮೇಲೆ ಸ್ವರ ಕೇಳಿಸಲ್ವಲ್ಲ. ಟಪಾಲಲ್ಲಿ ತಗೊಳ್ಳೋನಿಗೆ ಕೈಗೆ ಸಿಗೋದು ಎರಡೇ ಅಂಕಿ, ಸ್ಟಾಪು ಎಷ್ಟು, ಡಾಲರ್ ಎಷ್ಟು, ಅವೆರಡನ್ನ ಭಾಗಿಸಿ ನೋಡಿ ಲಾಭ ಅನ್ಕೋತಾನೆ. ಏಜೆಂಟ್ ಎಷ್ಟೇ ದುಬಾರಿ ಆಗಿದ್ರೂ ಅವನು ಆರ್ಗನ್ನನ್ನ ಮನೇಲಿ ಇಳಿಸಿ ನುಡಿಸಿ ತೋರಿಸ್ತಿದ್ದ, ಕಿವಿಗೆ ಒಂದು ಅವಕಾಶ ಇತ್ತು. ಬೀಟಿ ಏಜೆಂಟನ್ನ ತೆಗೆದ, ಅವನ ಜೊತೆ ಆ ಅವಕಾಶಾನೂ ಹೋಯ್ತು, ಬದಲಿಗೆ ಬಂದಿದ್ದು ಎಣಿಕೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಸಂಗೀತಕ್ಕಾದ ನಷ್ಟ ಅಂದ್ರೆ ಇದೇ, ದಿವಾಳಿಗಿಂತ ಇದು ನನಗೆ ಜಾಸ್ತಿ ನೋವು ಕೊಡತ್ತೆ.

ಹಾಗಂತ ಬೀಟಿ ಬರೀ ಕಾಗದದ ಮೇಲೆ ಇದ್ದೋನಲ್ಲ. ಹೊತ್ತು ಹೋದ ಹಾಗೆ ವಾಷಿಂಗ್ಟನ್ನಿನ ರೈಲ್ವೆ ಪಕ್ಕದಲ್ಲೇ ದೊಡ್ಡ ಫ್ಯಾಕ್ಟರಿ ಕಟ್ಟಿದ, ಪಕ್ಕದ ರಸ್ತೆಗೆ ಅವನದ್ದೇ ಹೆಸರು, ಊರಿನ ಎಷ್ಟೋ ಮನೆಗಳ ಒಲೆ ಅವನ ಸಂಬಳದಿಂದ ಉರೀತಿತ್ತು. 1881ರ ಸೆಪ್ಟೆಂಬರಲ್ಲಿ ಆ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಒಣಗಿದ ಮರ, ವಾರ್ನಿಶ್, ಅಂಟು ಇರೋ ಜಾಗ, ಆರ್ಗನ್ ಫ್ಯಾಕ್ಟರಿಗಳಿಗೆ ಬೆಂಕಿ ಬೀಳೋದು ಆ ಕಾಲದಲ್ಲಿ ಅಪರೂಪ ಅಲ್ಲ. ಬೇರೆಯವರಾಗಿದ್ರೆ ಒಂದು ವರ್ಷ ಸುಮ್ನಿರ್ತಿದ್ರು, ಬೀಟಿ ಬೇಗಬೇಗ ಮತ್ತೆ ಕಟ್ಟಿದ, ಬೆಂಕಿ ಬಿದ್ದಿದ್ದನ್ನೂ ಮತ್ತೆ ಎದ್ದಿದ್ದನ್ನೂ ಜಾಹೀರಾತು ಮಾಡಿದ, ಹಗಲೂ ರಾತ್ರಿ ಕೆಲಸ ನಡೀತಿದೆ ಅನ್ನೋ ಮಾತನ್ನ ಇನ್ನೂ ಜೋರಾಗಿ ಹೇಳಿದ. ಅದರ ಹಿಂದೆ ಧೈರ್ಯ ಇತ್ತು, ಅದನ್ನ ಇಲ್ಲ ಅನ್ನೋಕಾಗಲ್ಲ. ಆದರೆ ಹೊಸ ಕಟ್ಟಡ, ಹೊಸ ಯಂತ್ರ, ಒಣಗಿದ ಹೊಸ ಮರ, ಎಲ್ಲಕ್ಕೂ ದುಡ್ಡು ಬೇಕು, ಅದೇ ಹೊತ್ತಿಗೆ ಹಳೇ ಆರ್ಡರುಗಳೂ ಬಾಕಿ ಬಿದ್ದಿದ್ದವು.

ಇಲ್ಲಿ ದುಡ್ಡಿನ ಓಟ ಅರ್ಥ ಮಾಡ್ಕೊಂಡ್ರೆ ಮುಂದಿನದೆಲ್ಲಾ ತಾನಾಗೇ ತಿಳಿಯತ್ತೆ. ಸುಮ್ನೆ ಲೆಕ್ಕಕ್ಕೆ ಅಂತ ಹೇಳ್ತೀನಿ, ಇವು ಅವನ ಖಾತೆಯ ಅಂಕಿಗಳಲ್ಲ. ಇವತ್ತು ನೂರು ಜನ 90 ಡಾಲರ್ ಕಳಿಸಿದ್ರು, 9,000 ಬಂತು. ಆ ನೂರು ಆರ್ಗನ್ ಹೋಗೋದು ಆರು ವಾರ ಆದಮೇಲೆ. ನಡುವೆ ಆ 9,000 ಕೈಯಲ್ಲಿದೆ. ಒಂದು ದಾರಿ ಅಂದ್ರೆ ಅದನ್ನ ಆ ನೂರು ಆರ್ಗನ್ನಿನ ಮರಕ್ಕೆ, ರೀಡಿಗೆ, ಕೂಲಿಗೆ ಇಡೋದು. ಇನ್ನೊಂದು ದಾರಿ ಅಂದ್ರೆ ಅದರಲ್ಲಿ ಒಂದು ದೊಡ್ಡ ಪಾಲನ್ನ ಮುಂದಿನ ವಾರದ ಜಾಹೀರಾತಿಗೆ ಹಾಕೋದು, ಆಗ ಇನ್ನೂರು ಜನ ದುಡ್ಡು ಕಳಿಸ್ತಾರೆ, ಅವರ ದುಡ್ಡಲ್ಲಿ ಮೊದಲ ನೂರು ಜನರ ಆರ್ಗನ್ ಮಾಡೋದು. ಆರ್ಡರ್ ಏರ್ತಾ ಇರೋವರೆಗೂ ಇದು ನಡಿಯತ್ತೆ, ಹೊರಗಿಂದ ನೋಡೋರಿಗೆ ಅದ್ಭುತವಾಗೇ ಕಾಣತ್ತೆ. ಒಂದು ತಿಂಗಳು ಆರ್ಡರ್ ಏರಲಿಲ್ಲ ಅಂದ್ರೆ, ಅಥವಾ ಫ್ಯಾಕ್ಟರಿ ಒಂದು ತಿಂಗಳು ನಿಂತ್ರೆ, ಕೊಟ್ಟ ಮಾತು ಜಾಸ್ತಿ, ಕೊಡೋಕಿರೋ ಆರ್ಗನ್ ಕಡಿಮೆ. ಜೊತೆಗೆ ಬಡ್ಡಿ ಸಮೇತ ವಾಪಸ್ ಕೊಡ್ತೀನಿ ಅಂದಿರೋ ಮಾತು ಬೇರೆ. ಬೆಲೆ ಇಷ್ಟು ಇಳಿಸಿದ ಮೇಲೆ ಒಂದೊಂದು ಆರ್ಗನ್ನಲ್ಲಿ ಉಳಿಯೋ ಲಾಭ ಎಷ್ಟಿರತ್ತೆ, ಅದರಲ್ಲೇ ಪತ್ರಿಕೆಗಳ ಬಿಲ್ಲೂ ಕಟ್ಬೇಕು.

1883ರ ಕೊನೆ, 1884ರ ಹೊತ್ತಿಗೆ ಎಲ್ಲಾ ಒಟ್ಟಿಗೆ ಬಂತು. ಸಾಲ ಕೊಟ್ಟವರು, ಸಂಬಳ ಬರಬೇಕಾದ ಕೆಲಸದವರು, ಮತ್ತೆ ದೇಶದ ಮೂಲೆಮೂಲೆಯಲ್ಲಿ ದುಡ್ಡು ಕಳಿಸಿ ಕಾಯ್ತಿದ್ದ ಗಿರಾಕಿಗಳು. ವ್ಯಾಪಾರ ಬಿತ್ತು. ಗಿರಾಕಿಗಳ ದೂರುಗಳು ಅಂಚೆ ಇಲಾಖೆಗೆ ಹೋದವು, ಟಪಾಲು ಬಳಸಿ ವಂಚನೆ ಮಾಡಿದ ಆರೋಪ ಬಂತು, ಬಂಧನವೂ ಆಯ್ತು. ಟಪಾಲು ವಂಚನೆ ಕಾನೂನು ಬಂದಿದ್ದೇ 1872ರಲ್ಲಿ, ಅಂದ್ರೆ ಈ ವ್ಯಾಪಾರದಷ್ಟೇ ವಯಸ್ಸು ಅದಕ್ಕೂ. ನೋಡಿ, ಏಜೆಂಟ್ ಮೋಸ ಮಾಡಿದ್ರೆ ಅವನು ಮುಂದಿನ ತಿಂಗಳು ಅದೇ ರಸ್ತೇಲಿ ಬರ್ಬೇಕಿತ್ತು, ಊರವರು ಹಿಡ್ಕೋತಿದ್ರು. ಕ್ಯಾನ್ಸಸ್‌ನ ರೈತ ನ್ಯೂಜೆರ್ಸಿಯ ಮೇಯರನ್ನ ಹೇಗೆ ಹಿಡೀತಾನೆ? ಅವನ ಹತ್ರ ಇರೋದು ಮನಿಯಾರ್ಡರ್ ರಸೀದಿ ಒಂದೇ, ಅದಕ್ಕೇ ಅಂಚೆ ಇಲಾಖೆ ನಡುವೆ ಬರಬೇಕಾಯ್ತು.

ಆ ಕಾಯ್ತಿದ್ದವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ನನಗೆ ಅವರೇ ಕಣ್ಮುಂದೆ ಬರ್ತಾರೆ. ಹಳ್ಳಿ ಹತ್ರದ ರೈಲ್ವೆ ಗೂಡ್ಸ್ ಆಫೀಸಿಗೆ ವಾರ ವಾರ ಹೋಗಿ ನನ್ನ ಹೆಸರಿಗೆ ಒಂದು ದೊಡ್ಡ ಪೆಟ್ಟಿಗೆ ಬಂತಾ ಅಂತ ಕೇಳೋದು, ಇಲ್ಲ ಅಂದಾಗ ಮನೆಗೆ ವಾಪಸ್ ಬರೋದು, ಹಜಾರದಲ್ಲಿ ಗೋಡೆ ಪಕ್ಕ ಜಾಗ ಬಿಟ್ಟಿರೋದು. ಎರಡು ತಿಂಗಳ ದುಡಿಮೆ ಹೋಗಿದ್ದು ಒಂದು ಕಡೆ, ಮನೆಯವರಿಗೆ ಏನು ಉತ್ತರ ಕೊಡೋದು ಅನ್ನೋದು ಇನ್ನೊಂದು ಕಡೆ. ಇವರನ್ನ ಪೆದ್ದರು ಅಂತ ಕರೆಯೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ. ಅವರು ಏಜೆಂಟಿನ ಎರಡರಷ್ಟು ಬೆಲೆಯಿಂದ ತಪ್ಪಿಸ್ಕೊಳ್ಳೋಕೆ ಸಿಕ್ಕ ದಾರಿ ಹಿಡಿದ್ರು, ಮೇಯರ್ ಅಂತ ಬರೆದಿದ್ದು ನಿಜಾನೇ ಆಗಿತ್ತು, ದೇವರ ಪೇಪರಿನಲ್ಲಿ ಬಂದಿತ್ತು, ಅದಕ್ಕಿಂತ ಮುಂಚೆ ಪಕ್ಕದೂರಿನವರಿಗೆ ಆರ್ಗನ್ ಬಂದೂ ಇತ್ತು. ಇದಕ್ಕಿಂತ ಜಾಸ್ತಿ ಏನು ವಿಚಾರಿಸ್ಬೇಕಿತ್ತು ಅವರು?

ಅದೇ ಊರಲ್ಲಿ ಇನ್ನೊಂದು ಆರ್ಗನ್ ಕಂಪನಿ ಇತ್ತು, ಕಾರ್ನಿಶ್. ಅವರೂ ಏಜೆಂಟ್ ಇಲ್ಲದೆ ಟಪಾಲಲ್ಲೇ ಮಾರಿದ್ರು, ಅವರ ಕ್ಯಾಟಲಾಗೂ ಬಣ್ಣಬಣ್ಣದ್ದೇ, ಸ್ಟಾಪುಗಳ ಪಟ್ಟಿ ಅಲ್ಲೂ ಉದ್ದಾನೇ. ಆದರೆ ಮುಂದೆ ಅವರ ಜಾಹೀರಾತಿನಲ್ಲಿ ಬಂದ ಮಾತು ಬೇರೆ, ವಾದ್ಯ ಕಳಿಸ್ತೀವಿ, ಒಂದು ವರ್ಷ ಮನೇಲಿಟ್ಟು ನೋಡಿ, ಕಂತಲ್ಲಿ ಕೊಡಿ. ಅಂದ್ರೆ ಕವರಲ್ಲಿ ದುಡ್ಡು ಮೊದಲು ಹೋಗೋ ಬದಲು ಪೆಟ್ಟಿಗೆ ಮೊದಲು ಹೋಗತ್ತೆ, ಕಾಯೋ ಕಷ್ಟ ಕಂಪನಿಯದ್ದು. ಇದಕ್ಕೆ ಬಂಡವಾಳ ಬೇಕು, ಸಾವಧಾನಾನೂ ಬೇಕು. ಬೀಟಿಗೆ ಎರಡೂ ಇರ್ಲಿಲ್ಲ. ಕಾರ್ನಿಶ್ ಇಪ್ಪತ್ತನೇ ಶತಮಾನಕ್ಕೂ ನಡೀತು. ಎಸ್ಟಿಯವರು ಡೀಲರುಗಳನ್ನ ಬಿಡದೆ, ಬೆಲೆ ಇಳಿಸೋ ಜಗಳಕ್ಕೆ ಇಳಿಯದೆ, ಇನ್ನೂ ಎಷ್ಟೋ ದಶಕ ಬಾಳಿದ್ರು. 1890ರ ನಂತರ ಸಿಯರ್ಸ್ ಥರದ ದೊಡ್ಡ ಕ್ಯಾಟಲಾಗ್ ಅಂಗಡಿಗಳು ಬೀಟಿಗಿಂತ ತುಂಬಾ ಕಡಿಮೆ ಬೆಲೆಗೆ ಆರ್ಗನ್ ಕೊಟ್ವು, ಅವಕ್ಕೆ ಆರ್ಗನ್ ಒಂದೇ ವ್ಯಾಪಾರ ಅಲ್ಲ, ಹೊಲಿಗೆ ಮೆಷಿನ್ನು, ಒಲೆ, ಬಟ್ಟೆ ಎಲ್ಲಾ ಇತ್ತು, ಒಂದು ಕಡೆ ನಷ್ಟ ಆದ್ರೆ ಇನ್ನೊಂದು ಕಡೆ ಬರೋದು. ಬೀಟಿ ಆಮೇಲೂ ಟಪಾಲಲ್ಲಿ ಮಾರೋ ಪ್ರಯತ್ನ ಬಿಡಲಿಲ್ಲ, ಆದರೆ ಹಳೇ ಎತ್ತರಕ್ಕೆ ಮತ್ತೆ ಏರಲೇ ಇಲ್ಲ. ಸತ್ತಿದ್ದು 1914ರಲ್ಲಿ.

ಬೀಟಿ ಆರ್ಗನ್ನುಗಳು ಈಗಲೂ ಅಮೆರಿಕದ ಹಳೇ ಮನೆಗಳಲ್ಲಿ, ಸಣ್ಣ ಮ್ಯೂಸಿಯಂಗಳಲ್ಲಿ ಇದಾವೆ. ಮುಂದಿನ ಹಲಗೆ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಎರಡು ಕಡೆ ದೀಪ ಇಡೋಕೆ ಗುಂಡನೆ ಹಲಗೆ, ಮೇಲೆ ಕೆತ್ತನೆಯ ಗೋಪುರದಂಥ ಅಲಂಕಾರ. ರಿಪೇರಿ ಮಾಡೋರು ಕೊಕ್ಕೆ ಹಾಕಿ ಒಂದೊಂದೇ ರೀಡನ್ನ ಗೂಡಿಂದ ಎಳೆದು, ನೂರಾ ನಲವತ್ತು ವರ್ಷದ ಧೂಳು ಒರೆಸಿ, ನಾಲಿಗೆ ಕೆಳಗೆ ಸಿಕ್ಕಿರೋ ಕಸ ತೆಗೆದು, ಮತ್ತೆ ಗೂಡಿಗೆ ತಳ್ಳಿ, ತಿದಿಗೆ ಹೊಸ ಬಟ್ಟೆ ಹಾಕಿ ತುಳಿದ್ರೆ ಸ್ವರ ಬರತ್ತೆ. ಆ ರೀಡುಗಳ ಮೇಲೆ ನನಗೆ ಯಾವ ಕೋಪಾನೂ ಇಲ್ಲ. ಗಾಳಿ ಸಿಕ್ಕಿದ್ರೆ ಹಿತ್ತಾಳೆ ನಾಲಿಗೆ ನುಡಿಯತ್ತೆ, ಮುಂದಿನ ಗುಂಡಿ ಮೇಲೆ ಏನು ಹೆಸರು ಬರೆದಿದ್ರೂ ಸರಿ.